ಬೆಳಗಿನ ಐದೂವರೆಯ ಹವಾಮಾನ

ಹದಿನೇಳನೇ ತಾರೀಕು, ಗುರುವಾರ. ಬೆಳಗ್ಗೆ 9.20ಕ್ಕೆ ಬಂದರು ಪೊಲೀಸ್ ಠಾಣೆಗೆ ಬಂದ ಹೆಂಗಸು, ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ. ಬಲೆ ಹೊಲಿಯುವ ಕೆಲಸದವಳು. ಎರಡು ಗಂಟೆ ಮುಂಚೆ ಅವಳ ಗಂಡನ ಶವ ಅಲೆತಡೆಯ ಕಲ್ಲುಗಳ ಬಳಿ ಸಿಕ್ಕಿತ್ತು. ಶವದ ಪಂಚನಾಮೆ ಮುಗಿಸಿ ಆಗಷ್ಟೇ ಬಂದಿದ್ದ ಇನ್‌ಸ್ಪೆಕ್ಟರ್ ಅವರ ಷೂಗಳಿಂದ ಇನ್ನೂ ಮರಳು ಉದುರುತ್ತಿತ್ತು.

"ದೂರು ಕೊಡಬೇಕು ಸಾರ್," ಅಂದಳು.

"ಯಾರ ಮೇಲೆ?"

"ಗೊತ್ತಿಲ್ಲ. ಮಂಗಳವಾರ ಬೆಳಗ್ಗೆ ಬಂದರಿನ ಮೈಕಿನಲ್ಲಿ ಕಡಲು ಶಾಂತ ಅಂದ್ರು. ಹವಾಮಾನ ಕೇಂದ್ರದವರು ನಿನ್ನೆ ರೇಡಿಯೋದಲ್ಲಿ, ಅವತ್ತು ನಸುಕಿನಲ್ಲೇ ಎಚ್ಚರಿಕೆ ಕೊಟ್ಟಿದ್ವಿ ಅಂತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ."

ಹೆಡ್ ಕಾನ್‌ಸ್ಟೆಬಲ್ ಬರೆದುಕೊಳ್ಳತೊಡಗಿದಳು. ದೋಣಿ ಮಂಗಳವಾರ 6.10ಕ್ಕೆ ಹೊರಟಿತ್ತು. ಇದ್ದವರು ಇಬ್ಬರು: ಚುಕ್ಕಾಣಿ ಹಿಡಿದ ಗಂಡ ಮತ್ತು ಅವಳ ತಮ್ಮ. ಬಿರುಗಾಳಿಗೆ ದೋಣಿ ಮಗುಚಿತ್ತು. ತಮ್ಮನನ್ನು ಬುಧವಾರ ಮಧ್ಯಾಹ್ನ ಮೂರಕ್ಕೆ ಒಂದು ಸರಕು ಹಡಗು ಎತ್ತಿಕೊಂಡಿತ್ತು.

"ಅವರಿಗೆ ಹೋಗೋ ಮನಸ್ಸೇ ಇರ್ಲಿಲ್ಲ ಸಾರ್," ಅಂದಳು ಕೊನೆಗೆ. "ಮೋಡ ಯಾಕೋ ಸರಿ ಇಲ್ಲ ಅಂದ್ರು. ಗಾಳಿಯಣ್ಣ ಹೇಳಿದ ಮೇಲೆ ಇನ್ನೇನು ನಿಮ್ಮ ಸೋಮಾರಿತನ ಅಂತ ನಾನೇ ರೇಗಿದೆ. ಅದನ್ನೂ ಬರ್ಕೊಳಿ."

"ಅದು ಬೇಕಾಗಿಲ್ಲಮ್ಮ."

"ನಂಗೆ ಬೇಕು."

10.05ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ ಅಪರಿಚಿತ.

ಗಾಳಿಯಣ್ಣ ಅಂದರೆ ಬಂದರು ಕಚೇರಿಯಲ್ಲಿ ಹವಾಮಾನ ಓದುವವರು. ಮೂವತ್ತೊಂದು ವರ್ಷದಿಂದ ದಿನಾ ಐದೂವರೆಗೆ ಮೈಕಿನ ಮುಂದೆ ಕೂತವರು. ಊರಿನ ಅರ್ಧ ಜನ ಅವರ ದನಿಗೇ ಎದ್ದು ಹಲ್ಲುಜ್ಜುತ್ತಿದ್ದರು. ಅವರ ನಿಜವಾದ ಹೆಸರು ಹೇಳಿದ್ದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ.

11.30ಕ್ಕೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ ಆಸ್ಪತ್ರೆಗೆ ಹೋದರು. ತಮ್ಮನ ತುಟಿ ಉಪ್ಪಿಗೆ ಒಡೆದಿತ್ತು. ಮಾತು ತಡೆತಡೆದು ಬರುತ್ತಿತ್ತು.

"ದೋಣಿ ಮಗುಚಿದ್ದು ಯಾವಾಗ?"

"ಮಂಗಳವಾರ ಹನ್ನೊಂದರ ಹೊತ್ತಿಗೆ. ಅಲೆ ಮನೆ ಎತ್ತರ ಬಂತು. ಇಬ್ಬರೂ ತೇಲ್ತಿದ್ದ ಒಂದೇ ಖಾಲಿ ಡೀಸೆಲ್ ಕ್ಯಾನು ತಬ್ಬಿಕೊಂಡಿದ್ವಿ. ರಾತ್ರಿಯೆಲ್ಲ ಭಾವ ನನ್ನ ನಿದ್ದೆ ಮಾಡೋಕೆ ಬಿಡಲಿಲ್ಲ. ಏನಾದ್ರೂ ಮಾತಾಡಿಸ್ತಾನೇ ಇದ್ರು."

"ಅವರು ಕೈಬಿಟ್ಟಿದ್ದು?"

"ಬುಧವಾರ. ಸೂರ್ಯ ನೆತ್ತಿಗೆ ಬಂದಿತ್ತು."

ಹೆಡ್ ಕಾನ್‌ಸ್ಟೆಬಲ್ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದಳು.

ಬುಧವಾರ ಬೆಳಗ್ಗೆ ಎಂಟಕ್ಕೇ ಆ ಹೆಂಗಸು ಠಾಣೆಗೆ ಬಂದಿದ್ದಳು. ದೋಣಿ ತಿರುಗಿ ಬಂದಿಲ್ಲ ಅಂದಿದ್ದಳು. ಬಾಗಿಲಲ್ಲಿದ್ದ ಪೇದೆ, "ಗಾಳಿಗೆ ಬೇರೆ ಬಂದರಿಗೆ ಹೋಗಿರ್ತಾರೆ, ಸಂಜೆ ನೋಡೋಣ ಹೋಗಮ್ಮ," ಎಂದು ಕಳಿಸಿದ್ದ. ಇನ್‌ಸ್ಪೆಕ್ಟರ್ ಒಳಗಿನ ಮೇಜಿನಲ್ಲೇ ಕೂತು ಆ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದರು. ಕಡತದಿಂದ ತಲೆ ಎತ್ತಿರಲಿಲ್ಲ. ಕರಾವಳಿ ಕಾವಲಿಗೆ ಸಂದೇಶ ಹೋದದ್ದು ಮಧ್ಯಾಹ್ನ ಒಂದೂವರೆಗೆ.

ಜೀಪಿನಲ್ಲಿ ಅವರೇ ಬಾಯಿಬಿಟ್ಟರು. "ನಿನ್ನೆ ಎಂಟು ಗಂಟೆಗೆ ಅವಳು ಬಂದದ್ದು ಠಾಣಾ ದಿನಚರಿಯಲ್ಲಿ ಇದೆಯಾ?"

"ಇಲ್ಲ ಸಾರ್."

"ಇವತ್ತಿನ ತಾರೀಕು, ಇವತ್ತಿನ ವೇಳೆ ಹಾಕಿ ಬರಿ. ನಿನ್ನೆ ಬಂದಿದ್ದಳು, ವಾಪಸ್ ಕಳಿಸಿದ್ವಿ, ನಾನು ಠಾಣೆಯಲ್ಲೇ ಇದ್ದೆ ಅಂತ."

"ಬರೀಲೇಬೇಕಾ ಸಾರ್?"

"ಬರಿ."

ಠಾಣೆ ತಲುಪಿದ ಕೂಡಲೇ ಅವಳು ದಿನಚರಿ ತೆಗೆದು ಬರೆದಳು.

ಮಧ್ಯಾಹ್ನ ಎರಡಕ್ಕೆ ಹವಾಮಾನ ಕೇಂದ್ರದಿಂದ ದಾಖಲೆ ಬಂತು. ಮಂಗಳವಾರ ನಸುಕಿನ 4.48ಕ್ಕೆ ಬಂದರು ಕಚೇರಿಗೆ ವಿಶೇಷ ಪ್ರಕಟಣೆ ಹೋಗಿತ್ತು: ಆಗ್ನೇಯದಲ್ಲಿ ವಾಯುಭಾರ ಕುಸಿತ, ಗಾಳಿ ಗಂಟೆಗೆ 55ರಿಂದ 65 ಕಿಲೋಮೀಟರ್, ಅಲೆಗಳ ಎತ್ತರ ನಾಲ್ಕು ಮೀಟರ್ ದಾಟುವ ಸಂಭವ, ಯಾರೂ ಕಡಲಿಗೆ ಇಳಿಯಬಾರದು. ತಲುಪಿದ್ದಕ್ಕೆ ಯಂತ್ರದ ರಸೀದಿಯೂ ಇತ್ತು.

ಇನ್ನು ಬಂದರು ಕಚೇರಿಯ ಪ್ರಸಾರ ಪುಸ್ತಕ. ದಪ್ಪ ರಟ್ಟಿನ, ಗೆರೆ ಹಾಕಿದ ಪುಸ್ತಕ. ಮಂಗಳವಾರ, ಹದಿನೈದನೇ ತಾರೀಕಿನ ಸಾಲು ಹೀಗಿತ್ತು: "ಬೆಳಗ್ಗೆ 5.30. ವಿಶೇಷ ಎಚ್ಚರಿಕೆ ಎರಡು ಸಲ ಓದಲಾಯಿತು." ಕೆಳಗೆ ಬಂದರು ಅಧಿಕಾರಿಯ ಸಹಿ.

"ನೀವು ಕೇಳಿಸಿಕೊಂಡು ಸಹಿ ಮಾಡಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

ಅಧಿಕಾರಿ ಕನ್ನಡಕ ಒರೆಸಿಕೊಂಡರು. "ವಾರಕ್ಕೊಂದು ಸಲ ಒಟ್ಟಿಗೆ ಮಾಡ್ತೀನಿ. ಅವರು ಹಿರಿಯರು, ಹಾಗಾಗಿ..."

ಪುಸ್ತಕ ಒಂದು ಹೇಳುತ್ತಿತ್ತು, ಊರು ಇನ್ನೊಂದು. ಅದನ್ನು ಇತ್ಯರ್ಥ ಮಾಡಿದ್ದು ಐಸ್ ಫ್ಯಾಕ್ಟರಿಯ ಮೇಸ್ತ್ರಿ. ಯಂತ್ರಗಳ ಗದ್ದಲದಲ್ಲಿ ತನ್ನ ಆಳುಗಳಿಗೆ ಮೈಕು ಕೇಳಿಸುವುದಿಲ್ಲವೆಂದು ದಿನಾ ಹೊರಗೆ ನಿಂತು ಫೋನಿನಲ್ಲಿ ಪ್ರಸಾರ ಹಿಡಿದಿಡುತ್ತಿದ್ದ.

"ನನ್ನ ಹೆಂಡತಿ ದನಿ ಒಂದೂ ಇಲ್ಲ ಸಾರ್ ಫೋನಲ್ಲಿ, ಗಾಳಿಯಣ್ಣಂದು ನಾನೂರಿದೆ," ಎಂದು ನಗಲು ಹೋದವನು, ಇನ್‌ಸ್ಪೆಕ್ಟರ್ ಮುಖ ನೋಡಿ ಫೋನು ಹೊರತೆಗೆದ.

ಮಂಗಳವಾರದ್ದನ್ನು ಹಾಕಿದ. ತುಂಬು ದನಿ, ಎಲ್ಲೂ ಅಳುಕಿಲ್ಲ. "...ಗಾಳಿ ಗಂಟೆಗೆ ಹದಿನೈದರಿಂದ ಇಪ್ಪತ್ತು ಕಿಲೋಮೀಟರ್. ಅಲೆಗಳ ಎತ್ತರ ಒಂದರಿಂದ ಒಂದೂವರೆ ಮೀಟರ್. ಕಡಲು ಶಾಂತವಾಗಿರುತ್ತದೆ." ಸೋಮವಾರದ್ದನ್ನು ಹಾಕಿದ. ಅಕ್ಷರ ಅಕ್ಷರವೂ ಅದೇ. ಇಬ್ಬರು ಪಂಚರ ಎದುರು ಮಹಜರು ಬರೆದು ಫೋನನ್ನು ವಶಪಡಿಸಿಕೊಂಡರು.

ಹದಿನೆಂಟನೇ ತಾರೀಕು ಬೆಳಗ್ಗೆ 10.15. ಗಾಳಿಯಣ್ಣನ ಮನೆ ಬಂದರು ಕಚೇರಿಯ ಹಿಂದಿನ ಸಿಬ್ಬಂದಿ ವಸತಿಯಲ್ಲಿ, ಎರಡು ಕೋಣೆ. ಬಾಗಿಲಿಗೆ ಹಾಲಿನವನಿಗೆಂದು ಚೀಟಿ ಅಂಟಿಸಿತ್ತು: "ನಾಳೆ ಎರಡು ಪ್ಯಾಕೆಟ್." ದುಂಡಗಿನ ಅಕ್ಷರ. ಹೆಡ್ ಕಾನ್‌ಸ್ಟೆಬಲ್ ಅದರ ಮುಂದೆ ನಿಂತುಬಿಟ್ಟಳು. ಪ್ರಸಾರ ಪುಸ್ತಕದ ಕಳೆದ ಎರಡು ವರ್ಷದ ಪುಟಗಳೆಲ್ಲ ಇದೇ ಕೈಯಲ್ಲಿ ಇದ್ದವು.

ಗಾಳಿಯಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಮಂಗಳವಾರ ಬೆಳಗ್ಗೆ ನಿಮ್ಮ ಜೊತೆ ಯಾರಿದ್ರು?"

"ಯಾರೂ ಇಲ್ಲ. ಇವಳ ಅಕ್ಕ ಬಿದ್ದು ಸೊಂಟ ಮುರ್ಕೊಂಡಿದ್ರು. ಸೋಮವಾರ ಸಂಜೆ ಹೋದವಳು ಮಂಗಳವಾರ ಎರಡಕ್ಕೆ ಬಂದ್ಲು."

"ಎಚ್ಚರಿಕೆ ಓದಿದ್ರಾ?"

"ಪುಸ್ತಕದಲ್ಲಿ ಇದೆಯಲ್ಲ."

"ಸರಿ. ಹೇಳಿಕೆ ಓದಿ ಸಹಿ ಹಾಕಿ."

ಹೆಡ್ ಕಾನ್‌ಸ್ಟೆಬಲ್ ಹೇಳಿಕೆ ಬರೆದು ಮುಗಿಸಿ, ಕಡತದೊಳಗಿಂದ ಒಂದು ಹಾಳೆ ತೆಗೆದು ಕೊಟ್ಟಳು. ಗಾಳಿಯಣ್ಣ ಅದನ್ನು ತೋಳಳತೆಯಲ್ಲಿ ಹಿಡಿದರು. ಕಣ್ಣು ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯಿತು. ಎರಡು ಸಲ ತಲೆಯಾಡಿಸಿದರು.

"ಎಲ್ಲ ಸರಿಯಾಗಿದೆ," ಎಂದು ಸಹಿ ಹಾಕಿದರು.

ಹಾಳೆ ವಾಪಸ್ ಬಂದಾಗಲೇ ಹೆಡ್ ಕಾನ್‌ಸ್ಟೆಬಲ್‌ಗೆ ಗೊತ್ತಾದದ್ದು. ಅವಸರದಲ್ಲಿ ಅವಳು ಕೊಟ್ಟಿದ್ದು ಠಾಣೆಯ ರಾತ್ರಿಪಾಳಿಯ ಪಟ್ಟಿ. ಪೇದೆಗಳ ಹೆಸರುಗಳ ಮೇಲೆ ಓರೆಯಾಗಿ ಗಾಳಿಯಣ್ಣನ ಸಹಿ ಬಿದ್ದಿತ್ತು. ಅವಳು ಹಾಳೆಯನ್ನು ಇನ್‌ಸ್ಪೆಕ್ಟರ್ ಕಡೆ ತಿರುಗಿಸಿದಳು.

ಮೂವರೂ ಸುಮ್ಮನಿದ್ದುದರಲ್ಲೇ ಗಾಳಿಯಣ್ಣನಿಗೆ ಅರ್ಥವಾಯಿತು. ಕಿವಿಯವರೆಗೂ ಮುಖ ಕೆಂಪಾಯಿತು.

"ಎಷ್ಟು ದಿನದಿಂದ?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

ಉತ್ತರ ಅಡುಗೆಮನೆಯ ಬಾಗಿಲಿನಿಂದ ಬಂತು. "ಎರಡು ವರ್ಷ. ನೋಟದ ನಡುವೆ ಹೊಗೆ ಕೂತ ಹಾಗೆ. ಅಂಚಿನಲ್ಲಿ ಕಾಣುತ್ತೆ, ನಡೆದಾಡ್ತಾರೆ. ಓದೋಕೆ ಆಗಲ್ಲ. ಹಾಳೆ ಬಂದ ತಕ್ಷಣ ಮನೆಗೆ ತರ್ತಿದ್ರು. ನಾನು ಎರಡು ಸಲ ಓದಿ ಹೇಳ್ತಿದ್ದೆ, ಬಾಯಿಪಾಠ ಮಾಡ್ಕೊಂಡು ಹೋಗ್ತಿದ್ರು. ಪುಸ್ತಕಾನೂ ನಾನೇ ಬರೀತಿದ್ದೆ."

"ಮಂಗಳವಾರದ ಸಾಲು?"

"ಬಸ್ಸಿಂದ ಇಳಿದು ಬಂದಾಗ ಇವರು ಹಾಳೆ ಹಿಡ್ಕೊಂಡು ಇದೇ ಜಾಗದಲ್ಲಿ ಕೂತಿದ್ರು. ಹೊರಗೆ ಹೆಂಚು ಹಾರ್ತಿತ್ತು. ಓದು ಅಂದ್ರು, ಓದಿದೆ. ಆಮೇಲೆ ಬರಿ ಅಂದ್ರು, ಬರೆದೆ."

"ಅವಳನ್ನ ಬಿಡಿ ಸಾರ್," ಅಂದರು ಗಾಳಿಯಣ್ಣ. "ನಾನು ಹೇಳಿದ್ದಕ್ಕೆ ಬರೆದ್ಲು."

"ಕೈ ನಂದೇ ಅಲ್ವಾ ರೀ?" ಅಂದಳು ಹೆಂಡತಿ. "ನನ್ನ ಹೆಸರೂ ಹಾಕಿ ಸಾರ್. ಸತ್ತವನು ನನ್ನನ್ನ ಅಕ್ಕ ಅಂತ ಕರೀತಿದ್ದ."

11.40ಕ್ಕೆ ಗಾಳಿಯಣ್ಣನನ್ನು ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದು, ಸುಳ್ಳು ದಾಖಲೆ ಸೃಷ್ಟಿಸಿದ್ದು. ಎರಡನೇ ಆರೋಪಿಯಾಗಿ ಹೆಂಡತಿಗೆ ನೋಟಿಸ್ ಕೊಟ್ಟರು. ಕೈಕೋಳ ಬೇಡ ಅಂದರು ಇನ್‌ಸ್ಪೆಕ್ಟರ್. ಜೀಪಿನವರೆಗೆ ಹೆಡ್ ಕಾನ್‌ಸ್ಟೆಬಲ್ ಅವರ ಮೊಣಕೈ ಹಿಡಿದು ನಡೆಸಿದಳು. ದೋಣಿ ಕಟ್ಟುವ ದಕ್ಕೆಯ ಮೇಲೆ ಬಲೆ ಒಣಗಿಸುತ್ತಿದ್ದವರು ಕೆಲಸ ನಿಲ್ಲಿಸಿದರು. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಬೇರೆ ಕಡೆ ತಿರುಗಿಕೊಂಡರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು, "ಕಣ್ಣು ಹೋಗಿದೆ ಅಂತ ಹೇಳಿದ್ರೆ ಬೇರೆ ಕೆಲಸ ಕೊಡ್ತಿದ್ರು. ಮನೆಗೇನೂ ಕಳಿಸ್ತಿರ್ಲಿಲ್ಲ. ಯಾಕೆ ಹೇಳ್ಲಿಲ್ಲ?"

"ನಾಚಿಕೆ ಸಾರ್."

"ಅಷ್ಟೇನಾ?"

"ಅಷ್ಟೇ. ಮೂವತ್ತೊಂದು ವರ್ಷ ನನ್ನ ಬಾಯಿ ನೋಡಿ ಜನ ಕಡಲಿಗೆ ಇಳಿದ್ರು. ಇನ್ನೊಬ್ಬರ ಹತ್ರ ಹೋಗಿ, ಸ್ವಲ್ಪ ಓದಿ ಹೇಳಪ್ಪ ಅನ್ನೋಕೆ ನಾಲಿಗೆ ಏಳಲಿಲ್ಲ. ವಾರದಿಂದ ದಿನಾ ಒಂದೇ ತರ ಬರ್ತಿತ್ತು. ಇವತ್ತೂ ಅದೇ ಇರುತ್ತೆ ಅಂದ್ಕೊಂಡೆ."

"ಅವತ್ತು ಹತ್ತಿರದಲ್ಲಿ ಓದು ಬರುವವರು ಯಾರೂ ಇರ್ಲಿಲ್ವಾ?"

ಇದ್ದರು ಅಂತ ಗಾಳಿಯಣ್ಣ ಹೇಳಿದರು. ಅವರು ಹಾಳೆ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದಾಗ, 5.25ರ ಸುಮಾರಿಗೆ, ಸತ್ತ ಚುಕ್ಕಾಣಿಗಾರ ಎದುರಿನ ನಲ್ಲಿಯಲ್ಲಿ ಕುಡಿಯುವ ನೀರು ತುಂಬಿಸಿಕೊಳ್ಳುತ್ತಿದ್ದ. ಹತ್ತು ಹೆಜ್ಜೆ ದೂರ. ಶಾಲೆ ಕಲಿತವನು, ಚೆನ್ನಾಗಿ ಓದುತ್ತಿದ್ದ. "ಹೇಗಿದೆ ಗಾಳಿಯಣ್ಣ ಇವತ್ತು?" ಎಂದು ಕೇಳಿದ. ಇವರು ಕೈಯಲ್ಲಿದ್ದ ಹಾಳೆಯನ್ನು ಒಂದು ಸಲ ನೋಡಿದಂತೆ ಮಾಡಿ, "ಚೆನ್ನಾಗಿದೆ," ಅಂದರು.

ಹೇಳಿಕೆಯನ್ನು ಆರೋಪಿಗೆ ಓದಿ ಹೇಳಬೇಕು, ಅದು ನಿಯಮ. ಹೆಡ್ ಕಾನ್‌ಸ್ಟೆಬಲ್ ಎದುರು ಕುರ್ಚಿ ಎಳೆದುಕೊಂಡು ಮೊದಲಿನಿಂದ ಓದಿದಳು. ಗಾಳಿಯಣ್ಣ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು.

"ಏನಾದ್ರೂ ತಿದ್ದೋದಿದೆಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದಿದೆ ಸಾರ್. ಚೆನ್ನಾಗಿದೆ ಅಂದೆ ಅಂತಷ್ಟೇ ಬರೆದಿದ್ದೀರಿ." ಅವರ ದನಿ ಮೊದಲ ಬಾರಿಗೆ ಒಡೆಯಿತು. "ನಗ್ತಾ ಹೇಳಿದೆ ಅಂತ ಬರ್ಕೊಳಿ."