ಟೈರಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಹುಲ್ಲು ಕತ್ತರಿಸುವ ಹಳೆಯ ಮೆಷೀನಿನ ಎಂಜಿನ್ ಬಿಚ್ಚಿ ಉಲ್ಲಾಸ್ ತನ್ನ ಸೈಕಲ್ಲಿನ ಹಿಂಚಕ್ರದ ಮೇಲೆ ಕೂರಿಸಿದ್ದ. ಹ್ಯೂಸ್ಟನ್ನಿನಲ್ಲಿ ಕಾರಿಲ್ಲದ ವಿದ್ಯಾರ್ಥಿಗೆ ವಸಂತಾಳ ಅಪಾರ್ಟ್‌ಮೆಂಟು ಬೇರೆ ಊರಿನಷ್ಟೇ ದೂರ.

“ಚೈನು ಎಲ್ಲೋ?” ಎಂದು ಕೇಳಿದ್ದಳು ಅವಳು.

“ಎಂಜಿನ್ನಿಗೆ ಚೈನಿಲ್ಲ. ಈ ರೋಲರ್ ಟೈರನ್ನ ಒತ್ತಿ ಹಿಡ್ಕೊಂಡು ತಿರುಗ್ಸತ್ತೆ. ಹಿಡಿತ ಇದ್ರೆ ಓಡತ್ತೆ, ಬಿಟ್ರೆ ಇಲ್ಲ.”

ಹೇಳುವಾಗ ಅವನು ನೋಡುತ್ತಿದ್ದುದು ರೋಲರನ್ನಲ್ಲ. ವಸಂತಾಳಿಗೆ ಆ ನೋಟ ನೆನಪುಳಿಯಿತು, ಮಾತು ಉಳಿಯಲಿಲ್ಲ.

ಆಯುಧಪೂಜೆಯ ದಿನ ಉಲ್ಲಾಸನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಆ ಸೈಕಲ್ಲಿಗೂ ಪೂಜೆಯಾಯಿತು. ಡಾಲಸ್ಸಿನ ಭಾಸ್ಕರ ಮಾವ ವಸಂತಾಳಿಗೊಂದು ಸಂಬಂಧ ನೋಡಿದ್ದರು. ಮರುದಿನ ಬೆಳಿಗ್ಗೆ ಬಂದು ಕರೆದೊಯ್ಯುವವರಿದ್ದರು. ಅವರು ಹೊರಡುವ ಮೊದಲೇ ಬಂದು ಮಾತಾಡುತ್ತೇನೆಂದು ಉಲ್ಲಾಸ್ ಹೇಳಿದ್ದ. ಅವನು ಬಂದರೆ ಆ ಸಂಬಂಧ ಬೇಡವೆನ್ನಲು ಅವಳೂ ಧೈರ್ಯ ಮಾಡಿದ್ದಳು.

“ಮಾವನ ಕಣ್ಣಿಗೆ ನಿನ್ನ ಗುಜರಿ ಸ್ವಲ್ಪ ಚೆನ್ನಾಗಿ ಕಾಣ್ಲಿ,” ಎಂದು ನಗುತ್ತ ಕುಂಕುಮವಿಟ್ಟಳು. ಅವನು ತಟ್ಟೆ ತರಲು ಒಳಗೆ ಹೋದಾಗ, ಮಂಕಾಗಿದ್ದ ಟೈರಿಗೂ ರೋಲರಿಗೂ ಕೊಬ್ಬರಿ ಎಣ್ಣೆ ಹಚ್ಚಿ, ಹೊಳೆಯುವಂತೆ ಉಜ್ಜಿದಳು.

ಮರುದಿನ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಎಂಜಿನ್ನಿನ ಸದ್ದು ಕೇಳಲೇ ಇಲ್ಲ. ಮಾವ ಇನ್ನೊಮ್ಮೆ ಕಾಫಿ ಕುಡಿದು, ಟ್ರಾಫಿಕ್ ಶುರುವಾಗುತ್ತದೆ ಎಂದು ಎದ್ದರು.

ಡಾಲಸ್ಸಿನ ಮಾವನ ಮನೆಗೆ ಉಲ್ಲಾಸನ ಫೋನ್ ಬಂದಾಗಲೆಲ್ಲ, ಮನೆಯಲ್ಲಿಲ್ಲವೆನ್ನಿ ಎಂದು ಅತ್ತೆಗೆ ಸನ್ನೆ ಮಾಡಿದಳು. ಬಾರದೆ ಹೋದವನ ಸಮಾಧಾನ ಅವಳಿಗೆ ಬೇಕಿರಲಿಲ್ಲ. ಆಮೇಲೆ ಫೋನ್ ನಿಂತಿತು. ಮದುವೆಯೂ ಆಯಿತು.

ಎಷ್ಟೋ ವರ್ಷಗಳ ನಂತರ, ಆಸ್ಟಿನ್ನಿನ ಕನ್ನಡಿಗರ ಆಯುಧಪೂಜೆ. ಕಾರುಗಳ ಪಕ್ಕದಲ್ಲಿ ಮಕ್ಕಳ ಸೈಕಲ್ಲುಗಳೂ ನಿಂತಿದ್ದವು. ಮಗಳು ದಿಯಾಳ ಸೈಕಲ್ಲಿಗೆ ಕುಂಕುಮವಿಟ್ಟು, ವಸಂತಾ ಎಣ್ಣೆಬಟ್ಟೆಯನ್ನು ಟೈರಿನ ಬಳಿಗೆ ಒಯ್ದಳು.

“ಟೈರಿಗೆ ಹಚ್ಬೇಡಿ.”

ತಲೆಯೆತ್ತಿದರೆ ಉಲ್ಲಾಸ್. ಅವನ ಮೊಣಕೈಯಿಂದ ಮಣಿಕಟ್ಟಿನವರೆಗೂ ಹಳೆಯ ಗಾಯದ ಗುರುತು. ಹ್ಯೂಸ್ಟನ್ನಿನಲ್ಲಿ ಅದಿರಲಿಲ್ಲ.

“ಯಾಕೆ?” ಎಂದಳು.

“ಜಾರತ್ತೆ. ತಿರುವಿನಲ್ಲಿ...”

ವಸಂತಾ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಆ ಗುರುತನ್ನು ನೋಡಿದಳು.

“ಅವತ್ತು ಹೊರಟಿದ್ದೆಯಾ?”

“ಕೈಗೆ ಕಟ್ಟು ಹಾಕಿಸ್ಕೊಂಡು ಬಂದೆ. ನಿಮ್ಮ ಮಾವನ ಕಾರು ಹೋಗಿತ್ತು.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳೋಣ ಅಂತ್ಲೇ ಫೋನ್ ಮಾಡ್ತಿದ್ದೆ ಕಣೇ.”

ದೂರದಿಂದ ಯಾರೋ ಅವನನ್ನು ಕರೆದರು. ಅವನು ದಿಯಾಳ ತಲೆ ಸವರಿ ಹೊರಟುಹೋದ.

“ಅಮ್ಮಾ, ಮೇಕ್ ಇಟ್ ಶೈನಿ,” ಎಂದಳು ದಿಯಾ.

ವಸಂತಾ ಸೆರಗಿನ ತುದಿಯಿಂದ ಟೈರನ್ನು ಒರೆಸತೊಡಗಿದಳು, ಮತ್ತೆ ಮತ್ತೆ. ಅದಕ್ಕೆ ಎಣ್ಣೆ ತಾಗಿಯೇ ಇರಲಿಲ್ಲ.