ನೂರು ಉಸಿರಿನ ಬಾವಿ

ಒಂದಾನೊಂದು ಕಾಲದಲ್ಲಿ ಸೋಮಗಿರಿ ಎಂಬ ರಾಜ್ಯವಿತ್ತು. ಹಿಮಜಟ ಎಂಬ ಮಾಂತ್ರಿಕ ಅಲ್ಲಿನ ರಾಜನ ಮೇಲೆ ಮುನಿದು, ಮನೆಮನೆಯ ಒಲೆಯ ಬೆಂಕಿಯನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಟ್ಟ. ಚಳಿಗೆ ಕೆರೆ ಬಾವಿಗಳ ನೀರು ಹೆಪ್ಪುಗಟ್ಟಿ ಕಲ್ಲಾಯಿತು. ರಾಜ ಏನು ಮಾಡಿದ? ಸಭೆ ಕರೆದ. ರಾಜರಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಆ ರಾಜ್ಯದಲ್ಲಿ ಸಣ್ಣದುರುಗ ಎಂಬ ಬಾವಿ ಕೊರೆಯುವವನಿದ್ದ. ಅವನ ಹೆಂಡತಿ ಹಾಲವ್ವನಿಗೆ ದಿನ ತುಂಬಿತ್ತು.

"ಮೂರು ದಿನದೊಳಗೆ ಹೆರಿಗೆಯಾಗುತ್ತೆ ಕಣೋ," ಎಂದಳು ಸೂಲಗಿತ್ತಿಯಾಗಿದ್ದ ಅವನ ತಾಯಿ ಕೆಂಚವ್ವ. "ಈ ಚಳಿಗೆ ಕೂಸು ಉಳಿಯಲ್ಲ. ಭೂಮಿತಾಯಿ ಹೊಟ್ಟೆಯ ಬಿಸಿ ಮಾತ್ರ ಆ ಪಾಪಿ ಕೈಗೆ ಸಿಕ್ಕಿಲ್ಲ. ಕೊರೆದು ಬಿಸಿನೀರು ತಾ. ಒಂದೊಂದು ಆಳುದ್ದ ಇಳಿದಾಗಲೂ ಬೈರಿಗೆ ನಿಲ್ಲಿಸಿ, ಅದರ ಹಿಡಿಗೆ ಕಿವಿಯಿಟ್ಟು ನೂರು ಉಸಿರು ಎಣಿಸು. ನಡುವೆ ಕಿವಿ ಎತ್ತಿದ್ರೆ ಸೆಲೆ ದಾರಿ ಬದಲಿಸುತ್ತೆ."

ನೂರು ಉಸಿರು! ದುರುಗನಿಗೆ ಹತ್ತು ಉಸಿರು ಸುಮ್ಮನೆ ಕೂತರೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು.

ಮೊದಲ ದಿನ ಹಿತ್ತಲಲ್ಲಿ ಕೊರೆದ. ಇಪ್ಪತ್ತು ಉಸಿರಿಗೇ ಎದ್ದು ಬೈರಿಗೆ ತಿರುಗಿಸಿದ. ಕೆಳಗೆ ಮಲಗಿದ್ದ ಕಲ್ಲಾಮೆಯ ಬೆನ್ನಿಗೆ ಅದು ಚುಚ್ಚಿತು. "ಯಾರಯ್ಯಾ ಅದು, ಕಿವಿ ಇಲ್ವಾ ನಿನಗೆ?" ಎಂದು ಗೊಣಗಿ ಆಮೆ ಎದ್ದು ನಡೆಯಿತು. ಕುಳಿ ಮುಚ್ಚಿಹೋಯಿತು.

ಎರಡನೆಯ ದಿನ ಬೇಲಿಯ ಪಕ್ಕ ಕೊರೆದ. ಐವತ್ತು ಉಸಿರು ಕೂತ. ಅಷ್ಟರಲ್ಲಿ ಹಾಲವ್ವ ನರಳಿದ್ದು ಕೇಳಿ ಜೀವ ತಡೆಯದೆ ಒಳಗೆ ಓಡಿದ. ಇತ್ತ ತಣ್ಣೀರು ಚಿಮ್ಮಿ, ಚಿಮ್ಮಿದಲ್ಲೇ ಮಂಜಿನ ಕಂಬವಾಯಿತು.

"ಯಾಕೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀಯ?" ಎಂದು ಹಾಲವ್ವ ಬೈದಳು. "ಹೆರೋಳು ನಾನು. ನೀನು ಹೋಗಿ ಕೂತ್ಕೊ."

ಮೂರನೆಯ ದಿನ ಮನೆಯ ಹಿಂದಿನ ದಿಬ್ಬದ ಆಚೆ ಹೋಗಿ ಕೊರೆದ. ಆಳಾಳಿಗೂ ನೂರು ಉಸಿರು ಎಣಿಸುತ್ತ ಬೈರಿಗೆಯನ್ನು ಏಳು ಆಳುದ್ದ ಇಳಿಸಿದ. ಏಳನೆಯ ಸಲದ ತೊಂಬತ್ತನೆಯ ಉಸಿರಿಗೆ ಕೆಳಗಿನಿಂದ ಕೊತಕೊತ ಸದ್ದು ಕೇಳಿಸಿತು. ಆಗ ಹಿಮಜಟ ಬಿಳಿಯ ಗೂಬೆಯಾಗಿ ಬಂದು ಅವನ ಬೆನ್ನ ಹಿಂದಿನ ಬಂಡೆಯ ಮೇಲೆ ಕುಳಿತ. ಹಾಲವ್ವನ ದನಿಯಲ್ಲೇ ಕೂಗಿದ:

"ದುರುಗಾ! ಬೇಗ ಬಾ, ಜೀವ ಹೋಗ್ತಿದೆ!"

ದುರುಗನ ಕಾಲುಗಳು ತಾವೇ ಎದ್ದವು. ಕಿವಿ ಮಾತ್ರ ಹಿಡಿಯಲ್ಲೇ ಉಳಿಯಿತು. ದುರುಗಾ? ಮದುವೆಯಾಗಿ ನಾಲ್ಕು ವರ್ಷ, ಹಾಲವ್ವ ಒಮ್ಮೆಯೂ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಆ ನಾಡಿನ ಯಾವ ಹೆಂಡತಿಯೂ ಕರೆಯುತ್ತಿರಲಿಲ್ಲ. ಏಳುನೂರು ವರ್ಷ ಒಂಟಿಯಾಗಿ ಬದುಕಿದ ಮಾಂತ್ರಿಕನಿಗೆ ಸಂಸಾರದ ಸಂಗತಿ ಏನು ಗೊತ್ತು!

ಆದರೂ, ನಿಜವಾಗಿಯೂ ಅವಳೇ ಆಗಿದ್ದರೆ? ತೊಂಬತ್ತಾರು. ಕಣ್ಣೀರು ಕೆನ್ನೆಯ ಮೇಲೇ ಹೆಪ್ಪುಗಟ್ಟಿತು. ತೊಂಬತ್ತೊಂಬತ್ತು. ನೂರು!

ಬೈರಿಗೆ ತಿರುಗಿಸಿದ. ಕುದಿನೀರು ತಾಳೆಮರದೆತ್ತರ ಎದ್ದು, ದುರುಗನ ತಲೆ ದಾಟಿ ಹಿಂದಿನ ಬಂಡೆಯ ಮೇಲೆ ಸುರಿಯಿತು. ಗೂಬೆಯ ರೆಕ್ಕೆ ಕರಗಿತು, ಕೊಕ್ಕು ಕರಗಿತು, ಮಂತ್ರವೂ ಕರಗಿತು. ಮನೆಮನೆಯ ಒಲೆ ತಾನಾಗಿ ಹೊತ್ತಿಕೊಂಡಿತು. ನೀರು ದಿಬ್ಬವನ್ನು ಬಳಸಿ ಹರಿದು ದುರುಗನ ಮನೆಯ ಬಚ್ಚಲಿಗೇ ನುಗ್ಗಿತು.

ಅವನು ಓಡಿ ಬಂದಾಗ ಕೆಂಚವ್ವ ಹೆಣ್ಣುಕೂಸಿಗೆ ಬಿಸಿನೀರು ಹುಯ್ಯುತ್ತಿದ್ದಳು. ದುರುಗ ಹೆಂಡತಿಯ ಪಕ್ಕ ಕೂತು, ತಾನು ಮಾಂತ್ರಿಕನ ಮೋಸ ಕಂಡುಹಿಡಿದ ಜಾಣತನವನ್ನು ಉಬ್ಬಿ ಉಬ್ಬಿ ಹೇಳಿದ.

ಹಾಲವ್ವ ಅವನ ಕಡೆ ಹೊರಳಿದಳು.

"ನಾನೂ ಕೂಗಿದ್ದೆ," ಎಂದಳು. "ನೋವು ತಡೆಯೋಕಾಗದೆ ಹೆಸರು ಹಿಡಿದೇ ಕೂಗಿದೆ. ಎರಡು ಸಲ. ದಿಬ್ಬದ ಆಚೆಗೆ ಕೇಳಿಸಲಿಲ್ಲ ಅನ್ಸುತ್ತೆ."

ದುರುಗ ಅವಳ ಕೈ ಹಿಡಿದುಕೊಂಡ.

ಸೋಮಗಿರಿಯಲ್ಲಿ ಈಗ ಎಲ್ಲರೂ ಬೆಚ್ಚಗೆ, ಸುಖವಾಗಿದ್ದಾರೆ. ಅಂದಿನಿಂದ ಅಲ್ಲಿನ ಹೆಂಡಿರು ಗಂಡಂದಿರನ್ನು ಬಾಯ್ತುಂಬ ಹೆಸರು ಹಿಡಿದು ಕರೆಯುತ್ತಾರೆ. ಗಂಡಂದಿರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ.