ಹದಿನಾಲ್ಕನೇ ಲಾಟಿನ ಗೃಹಪ್ರವೇಶ

1997ರ ಮೇ ತಿಂಗಳ ಮೂರನೇ ಶನಿವಾರ. ಅಮೆರಿಕದ ಜರ್ಮನ್‌ಟೌನಿನ ತಮ್ಮ ಮನೆಯ ಮುಂದೆ ಸತ್ಯಪ್ರಕಾಶರು ಸ್ಟಾರ್ಟ್ ಆಗದ ಲಾನ್ ಮೋವರಿನ ದಾರ ಎಳೆದೆಳೆದು ಬೇಸತ್ತಿದ್ದಾಗ ಶ್ರೀಲತಾಳ ಕಾರು ಬಂದು ನಿಂತಿತು. ಇಳಿದವಳ ಮುಖ ನೋಡಿ ಅವರು ದಾರ ಬಿಟ್ಟರು. ಹೆಂಡತಿಯನ್ನು ಕೂಗಬೇಕಾದ ಸಂದರ್ಭ ಇದು ಎಂದು ಮೂವತ್ತೊಂದು ವರ್ಷದ ಸಂಸಾರ ಅವರಿಗೆ ಕಲಿಸಿತ್ತು.

ಅವರ ಹೆಂಡತಿ ಡಾಕ್ಟರ್ ರೇಣುಕಾದೇವಿ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿದ್ದು ನಿವೃತ್ತರಾದವರು. ಗಾಜಿನ ತುಂಡಿನ ಮೇಲೆ ಅಂಟಿದ ಚೂರು ಮಾಂಸ ನೋಡಿ ಏನಾಯಿತೆಂದು ಹೇಳುವುದು ಅವರ ಕಸುಬಾಗಿತ್ತು. ನಿವೃತ್ತಿಯ ನಂತರ ಸುತ್ತಲಿನ ಕನ್ನಡದವರು ತಮ್ಮ ಜಗಳಗಳನ್ನೂ ಕಳವುಗಳನ್ನೂ ಅವರ ಮುಂದೆ ತಂದಿಡುತ್ತಿದ್ದರು. ಕಾರು ಓಡಿಸುವುದು, ಕಾಫಿ ಮಾಡುವುದು, ಕೊನೆಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುವುದು ಸತ್ಯಪ್ರಕಾಶರ ಪಾಲು.

ಶ್ರೀಲತಾ ಕಾಫಿಯನ್ನು ಮುಟ್ಟಲಿಲ್ಲ. ಅವಳು ರಿಯಲ್ ಎಸ್ಟೇಟ್ ಲೈಸೆನ್ಸ್ ತೆಗೆದುಕೊಂಡು ಎಂಟು ತಿಂಗಳಾಗಿತ್ತು. ಇಷ್ಟರಲ್ಲಿ ಮಾರಿದ್ದು ಒಂದೇ ಮನೆ. ಅಟ್ಲಾಂಟಾದಿಂದ ಪಕ್ಕದ ವರ್ಜೀನಿಯಾದ ಸ್ಟರ್ಲಿಂಗಿಗೆ ಬರಲಿದ್ದ ಒಂದು ಕುಟುಂಬ ಅವಳನ್ನು ನೆಚ್ಚಿಕೊಂಡಿತ್ತು; ನಿನ್ನೆ ಸಂಜೆ ಅವರೂ ಬೇಡವೆಂದು ಫೋನ್ ಮಾಡಿದ್ದರು. ಕಾರಣ ಕೇಳಿದರೆ ಹೇಳಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು.

"ಹರಿಪ್ರಸಾದ್ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದಾರೆ ಆಂಟಿ, ನಾನು ಅವರ ಗುಟ್ಟನ್ನ ಬಿಲ್ಡರ್‌ಗೆ ಹೇಳ್ಬಿಟ್ಟೆ ಅಂತ. ಈ ಮಾತು ಜನರ ಬಾಯಲ್ಲಿ ಉಳಿದ್ಬಿಟ್ರೆ ನನ್ನ ಲೈಸೆನ್ಸ್ ಫ್ರೇಮ್ ಹಾಕಿ ಗೋಡೆಗೆ ನೇತು ಹಾಕೋದೇ. ನಾನು ಹೇಳಿಲ್ಲ."

ರೇಣುಕಾದೇವಿ ಮೊದಲಿಂದ ಹೇಳು ಎಂದರು.

ಹರಿಪ್ರಸಾದ, ಕಾತ್ಯಾಯಿನಿ ದಂಪತಿ ಸ್ಟರ್ಲಿಂಗಿನ ಹೊಸ ಬಡಾವಣೆಯಲ್ಲಿ ಮನೆ ನೋಡಿದ್ದರು. ಹದಿನಾಲ್ಕನೇ ಲಾಟು, ಅಂದರೆ ಸೈಟು, ಪೂರ್ವಕ್ಕೆ ಬಾಗಿಲು. ಮೊದಲು ಕೊಳ್ಳಬೇಕಾಗಿದ್ದವರು ಹಿಂದೆ ಸರಿದಿದ್ದರಿಂದ ಮನೆ ಹೆಚ್ಚುಕಡಿಮೆ ಕಟ್ಟಿ ಮುಗಿದಿತ್ತು. ಹೊಸ ಮನೆಗೆ ಏಜೆಂಟ್ ಯಾಕೆ, ಸೋರುವ ಛಾವಣಿಯಿಲ್ಲ, ಹಳೆ ಪೈಪಿಲ್ಲ ಎಂದು ಹರಿಪ್ರಸಾದ ಶ್ರೀಲತಾಳನ್ನು ಬಿಟ್ಟು ಹೋಗಿ, ಮಾದರಿ ಮನೆಯ ರಿಜಿಸ್ಟರಿನಲ್ಲಿ ತನ್ನೊಬ್ಬನ ಹೆಸರು ಬರೆದಿದ್ದ. ಅಲ್ಲಿ ಕೂತಿದ್ದ ಬಾರ್ಬರಾ ಎಂಬ ಮಾರಾಟದ ಹೆಂಗಸು, ಏಜೆಂಟ್ ಇಲ್ಲದಿದ್ದರೆ ನಮಗೆ ಆ ಕಮಿಷನ್ ಉಳಿಯುತ್ತದೆ, ಬದಲಿಗೆ ಬೇಸ್‌ಮೆಂಟನ್ನು ಪುಕ್ಕಟೆಯಾಗಿ ಮುಗಿಸಿಕೊಡುತ್ತೇವೆ ಎಂದಿದ್ದಳು. ಬಾಯಿ ಮಾತು. ಗುರುವಾರ ಕರಾರು ಪತ್ರ ಬಂದಾಗ ಬೇಸ್‌ಮೆಂಟಿನ ಮಾತೇ ಮಾಯವಾಗಿತ್ತು. ಸೋಮವಾರದೊಳಗೆ ಸಹಿ, ಇಲ್ಲದಿದ್ದರೆ ಮನೆ ಮುಂದಿನವರಿಗೆ.

"ನಾನು ಬುಧವಾರ ಬಿಲ್ಡರ್ ಆಫೀಸ್‌ಗೆ ಫೋನ್ ಮಾಡಿದ್ದು ನಿಜ," ಎಂದಳು ಶ್ರೀಲತಾ. "ಈಗ್ಲಾದ್ರೂ ನನ್ನನ್ನ ಇವರ ಏಜೆಂಟ್ ಅಂತ ಸೇರಿಸ್ಕೋತೀರಾ ಅಂತ ಕೇಳ್ದೆ. ಮೊದಲನೇ ಸಲ ಜೊತೇಲಿ ಬಂದಿಲ್ಲ, ಆಗಲ್ಲ ಅಂದ್ರು. ಅಷ್ಟೇ. ಬುಧವಾರ ಫೋನು, ಗುರುವಾರ ಪೇಪರು. ಹರಿಪ್ರಸಾದ್‌ಗೆ ಇನ್ನೇನು ಬೇಕು?"

ಅವಳು ಕರಾರಿನ ಕೊನೆಯ ಹಾಳೆಯ ನಕಲು ಚಾಚಿದಳು. ಕಾತ್ಯಾಯಿನಿಯೇ ಮನಸ್ಸು ತಡೆಯದೆ ಫ್ಯಾಕ್ಸ್ ಮಾಡಿದ್ದಂತೆ. ಅದರಲ್ಲಿ ಒಂದು ಷರತ್ತಿತ್ತು: ಜೂನ್ ಆರರ ಶುಕ್ರವಾರ ಬೆಳಗ್ಗೆ ಮನೆಯೊಳಗೆ ಬೆಂಕಿ ಹೊತ್ತಿಸುವ ಧಾರ್ಮಿಕ ಸಮಾರಂಭ ಇರುವುದರಿಂದ, ಅದರ ಹಿಂದಿನ ದಿನ ಕ್ಲೋಸಿಂಗ್, ಅಂದರೆ ಹಣ ಕೊಟ್ಟು ಮನೆ ಹೆಸರಿಗೆ ಮಾಡಿಕೊಳ್ಳುವುದು, ಮುಗಿದಿರಬೇಕು, ಇಲ್ಲದಿದ್ದರೆ ಬಿಲ್ಡರ್ ಒಳಗೆ ಬಿಡುವುದಿಲ್ಲ.

ಸತ್ಯಪ್ರಕಾಶರು ಸಿಳ್ಳೆ ಹಾಕಿದರು. ಹೋಮದ ವಿಷಯ ಬಿಲ್ಡರಿಗೆ ಯಾರೋ ಹೇಳಿದ್ದಾರೆ ಅನ್ನುವುದರಲ್ಲಿ ಸಂಶಯವಿರಲಿಲ್ಲ. ಮುಹೂರ್ತ ಇಟ್ಟುಕೊಂಡವರು ಎಷ್ಟು ಕೇಳಿದರೂ ಒಪ್ಪಿಕೊಳ್ಳುತ್ತಾರೆ ಎಂದು ಗೊತ್ತಾದ ಮೇಲೆ ಬೇಸ್‌ಮೆಂಟ್ ಯಾರು ಕೊಡುತ್ತಾರೆ?

ರೇಣುಕಾದೇವಿ ಹಾಳೆಯನ್ನು ಎರಡು ಸಲ ಓದಿ, "ಅವರ ಗೃಹಪ್ರವೇಶ ಯಾವತ್ತು?" ಎಂದು ಶ್ರೀಲತಾಳನ್ನು ಕೇಳಿದರು. ಎಂಟನೇ ತಾರೀಖು, ಭಾನುವಾರ ಎಂದಳು ಅವಳು. ಕಾತ್ಯಾಯಿನಿ ಹೋದ ವಾರ ಫೋನಿನಲ್ಲಿ ಹೇಳಿದ್ದು.

ಮಧ್ಯಾಹ್ನ ಗಂಡ ಹೆಂಡತಿ ನದಿ ದಾಟಿ ವರ್ಜೀನಿಯಾ ಕಡೆಗೆ ಹೋಗಿ ಧೀರಜನನ್ನು ಕಂಡರು. ಅವನು ಹರಿಪ್ರಸಾದನ ಆಫೀಸಿನವನು, ಪುರೋಹಿತರನ್ನು ಹುಡುಕಿ ಕೊಟ್ಟವನು. ಅದೇ ಹದಿನಾಲ್ಕನೇ ಲಾಟಿಗೆ ಎರಡನೆಯವನಾಗಿ ಹೆಸರು ಬರೆಸಿದವನೂ ಅವನೇ. ಈ ಸುದ್ದಿ ಬಾಗಿಲಲ್ಲೇ ಅವನ ಬಾಯಿಂದಲೇ ಬಿತ್ತು, ಯಾರೂ ಕೇಳುವ ಮೊದಲೇ.

"ಲಿಸ್ಟಲ್ಲಿ ಇದೀನಿ ಅಂದ್ರೆ ಕಳ್ಳ ಅಂತ ಅಲ್ಲ ಆಂಟಿ. ಈಸ್ಟ್ ಫೇಸಿಂಗ್ ಇರೋದೇ ಮೂರು ಮನೆ, ಎಲ್ಲರೂ ಬರೆಸಿದಾರೆ. ಬೇಕಾದ್ರೆ ನನ್ನ ಫೋನ್ ಬಿಲ್ ತೋರಿಸ್ತೀನಿ."

ರೇಣುಕಾದೇವಿ ಫೋನ್ ಬಿಲ್ ಕೇಳಲಿಲ್ಲ. ಗೃಹಪ್ರವೇಶ ಯಾವತ್ತಪ್ಪ ಎಂದಷ್ಟೇ ಕೇಳಿದರು. "ಎಂಟು. ಸಂಡೇ," ಎಂದ ಧೀರಜ. ಹೆಂಡತಿ ಇದನ್ನೇ ಎರಡನೇ ಸಲ ಕೇಳುತ್ತಿರುವುದು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದಕ್ಕೆ ಎಂದುಕೊಂಡರು ಸತ್ಯಪ್ರಕಾಶರು. ಅಲ್ಲಿಂದ ಬಡಾವಣೆಯ ಮಾರಾಟದ ಆಫೀಸಿಗೂ ಹೋದರು. ಬಾರ್ಬರಾ ಬಿಸ್ಕತ್ತು ಕೊಟ್ಟಳು, ಮಳೆಬಿಸಿಲಿನ ಮಾತಾಡಿದಳು, ಗಿರಾಕಿಗಳ ವಿಷಯ ತುಟಿ ಬಿಚ್ಚಲಿಲ್ಲ. ಅವಳ ಮೇಜಿನ ಹಿಂದೆ ಗೋಡೆಯ ಮೇಲೆ ಒಂದು ಸಣ್ಣ ಚೌಕಟ್ಟು: ಇಲ್ಲಿನ ಸಿಬ್ಬಂದಿ ಮಾರುವವರ ಪ್ರತಿನಿಧಿಗಳು. ಅರ್ಧ ದಿನ, ತೊಂಬತ್ತು ಮೈಲಿ, ಗಿಟ್ಟಿದ್ದು ಬಿಸ್ಕತ್ತು ಎಂದು ವಾಪಸು ಬರುವಾಗ ಸತ್ಯಪ್ರಕಾಶರು ಗೊಣಗಿದರು.

"ಸುಮ್ನೆ ಡ್ರೈವ್ ಮಾಡ್ರೀ," ಎಂದರು ರೇಣುಕಾದೇವಿ.

ಸಂಜೆ ಸತ್ಯಪ್ರಕಾಶರೇ ಕಾತ್ಯಾಯಿನಿಗೆ ಫೋನ್ ಮಾಡಿ ಮಾರನೇ ದಿನ ಮನೆಗೆ ಕರೆದರು. ಎರಡನೇ ಸಲ ಕಾರ್ಡ್ ಪ್ರಿಂಟ್ ಮಾಡಿಸೋದರಲ್ಲೇ ಸಾಕಾಗಿದೆ ಅಂಕಲ್, ಆದರೂ ಬರ್ತೀವಿ ಎಂದಳು ಅವಳು. ಈ ಮಾತನ್ನು ಹೆಂಡತಿಗೆ ಒಪ್ಪಿಸಿದಾಗ ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, ಅದನ್ನೇ ಇನ್ನೊಂದು ಸಲ, ಒಂದಕ್ಷರ ಬಿಡದೆ ಹೇಳಿ ಎಂದರು.

ಭಾನುವಾರ ಮೂರು ಗಂಟೆಗೆ ಎಲ್ಲರೂ ಸೇರಿದರು. ಶ್ರೀಲತಾ ಕಿಟಕಿಯ ಹತ್ತಿರದ ಕುರ್ಚಿ ಹಿಡಿದಳು. ಹರಿಪ್ರಸಾದ ಅವಳಿಗೆ ಬೆನ್ನು ಮಾಡಿ ಕೂತ. ಧೀರಜ ನಡುವೆ ಸಿಕ್ಕಿಕೊಂಡು ಚಕ್ಕುಲಿ ಮುರಿಯುತ್ತಿದ್ದ. ಹರಿಪ್ರಸಾದ ಮಾತು ಶುರು ಮಾಡಿದ್ದೇ ದೂರಿನಿಂದ. ಕಮಿಷನ್ ಸಿಗಲಿಲ್ಲ ಎಂದು ಹೊಟ್ಟೆ ಉರಿದು ಫೋನ್ ಮಾಡಿದವರನ್ನು ಜೊತೆಗೆ ಕೂರಿಸಿದ್ದೀರಿ, ನಾಳೆ ಬೆಳಗ್ಗೆ ನಾನು ಏನಂತ ಸಹಿ ಹಾಕಲಿ ಎಂದ.

ರೇಣುಕಾದೇವಿ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಇದರಲ್ಲಿ ಆರನೇ ತಾರೀಖು ಅಂತಿದೆ. ನಿಮ್ಮ ಗೃಹಪ್ರವೇಶ ಎಂಟು."

"ನಮ್ಮನ್ನ ಅವಸರ ಮಾಡೋಕೆ ಎರಡು ದಿನ ಹಿಂದಕ್ಕೆ ಹಾಕಿದಾರೆ ಆಂಟಿ. ಅದೂ ಒಂದು ಮೋಸ," ಎಂದ ಹರಿಪ್ರಸಾದ.

"ಕ್ಲೋಸಿಂಗ್ ಹಿಂದಕ್ಕೆ ಹಾಕಬಹುದು. ಸಮಾರಂಭನೇ ಆರಕ್ಕೆ ಅಂತ ಬರೆದಿದಾರಲ್ಲ, ಅದು ಯಾಕೆ? ಶ್ರೀಲತಾಗೆ ಗೊತ್ತಿರೋದು ಎಂಟು. ಧೀರಜ್‌ಗೂ ಎಂಟು. ನಿನ್ನೆ ಬೇರೆ ಬೇರೆ ಕಡೆ, ಯಾಕೆ ಅಂತ ಹೇಳದೆ ಕೇಳಿದೀನಿ. ಇವರಿಬ್ಬರಲ್ಲಿ ಯಾರು ಹೇಳಿದ್ರೂ ಪೇಪರಲ್ಲಿ ಎಂಟು ಅಂತ ಇರ್ತಿತ್ತು. ಕಾತ್ಯಾಯಿನಿ, ಎಂಟಕ್ಕೆ ಮುಂಚೆ ಬೇರೆ ತಾರೀಖು ಇತ್ತಾ?"

ಇತ್ತು ಎಂದಳು ಕಾತ್ಯಾಯಿನಿ. ಪುರೋಹಿತರು ಮೊದಲು ಕೊಟ್ಟಿದ್ದು ಜೂನ್ ಆರು. ಮೇ ನಾಲ್ಕರ ಭಾನುವಾರ ಕಾಪಿ ಶಾಪಿನಲ್ಲಿ ನಮೂನೆಗೆ ಐದು ಕಾರ್ಡು ಮಾಡಿಸಿದರು. ಶುಕ್ರವಾರ ಯಾರಿಗೆ ರಜೆ ಇರುತ್ತದೆ ಎಂದು ಅವಳೇ ಹಟ ಹಿಡಿದು ಮಂಗಳವಾರ ಪುರೋಹಿತರಿಂದ ಭಾನುವಾರಕ್ಕೆ ಬದಲಾಯಿಸಿಕೊಂಡಳು. ಹಳೆಯ ದಿನವನ್ನು ಯಾರಿಗೂ ಹೇಳಿರಲಿಲ್ಲ. ಕಾರ್ಡುಗಳನ್ನು ಹರಿದು ಹಾಕಿದ್ದಳು.

"ಐದನ್ನೂ?"

ಕಾತ್ಯಾಯಿನಿ ಯೋಚಿಸಿದಳು. ಮೂರನ್ನು ಹರಿದಿದ್ದಳು. ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟದ್ದನ್ನು ಹರಿಯಬಾರದೆಂದು ಅಲ್ಲೇ ಬಿಟ್ಟಿದ್ದಳು. ಆಮೇಲೆ ಅವಳ ತಲೆ ನಿಧಾನವಾಗಿ ಗಂಡನ ಕಡೆ ತಿರುಗಿತು.

"ಅವತ್ತು ಸಾಯಂಕಾಲ ಟೈಲ್ಸ್ ನೋಡೋಕೆ ಹೋಗಿದ್ವಲ್ಲ ರೀ. ಮೈಸೂರುಪಾಕಿನ ಡಬ್ಬಿ ಜೊತೆ..."

"ಬಾರ್ಬರಾಗೆ ಇನ್ವೈಟ್ ಮಾಡ್ದೆ," ಎಂದ ಹರಿಪ್ರಸಾದ. "ನಮಗೆ ಮನೆ ಮಾಡಿಕೊಡ್ತಿರೋರು. ಫಸ್ಟ್ ಕಾರ್ಡ್ ಅವರಿಗೆ ಕೊಡದೆ ಇನ್ಯಾರಿಗೆ ಕೊಡ್ಲಿ? ಅವರು ಆಮೇಲೆ ಒಂದ್ಸಲನೂ ಆ ಮಾತು ಎತ್ತಲಿಲ್ಲ. ನಾನು ಗುಟ್ಟು ಏನೂ ಹೇಳಿಲ್ಲ. ಕರೆಯೋದು ಹೇಳಿದ ಹಾಗಾ ಆಂಟಿ?"

"ಕಾರ್ಡಲ್ಲಿ ಏನೇನು ಬರೆದಿತ್ತು?"

ದಿನ, ವೇಳೆ, ಹದಿನಾಲ್ಕನೇ ಲಾಟಿನ ವಿಳಾಸ. ಆಫೀಸಿನ ಅಮೆರಿಕನ್ನರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೋಮದ ವಿವರಣೆ. ಒಂದೊಂದನ್ನೇ ಕಾತ್ಯಾಯಿನಿ ಹೇಳುತ್ತಾ ಹೋದಂತೆ ಹರಿಪ್ರಸಾದ ಕರಾರಿನ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಬಾರ್ಬರಾ ಮೋಸ ಮಾಡಲಿಲ್ಲ ಎಂದರು ರೇಣುಕಾದೇವಿ. ತಾನು ಯಾರ ಕಡೆಯವಳೆಂದು ಅವಳು ಗೋಡೆಗೇ ಬರೆದು ಹಾಕಿದ್ದಾಳೆ. ಸಹಿ ಬೀಳುವ ಮೊದಲೇ ಊರನ್ನು ಕರೆಯಲು ಹೊರಟವರು ಆ ಮನೆ ಬಿಟ್ಟು ಹೋಗುವುದಿಲ್ಲ ಎಂದು ಅವಳು ಲೆಕ್ಕ ಹಾಕಿದಳು, ತನ್ನ ಯಜಮಾನರಿಗೆ ತಿಳಿಸಿದಳು. ದಿನ ಬದಲಾದದ್ದು ಅವಳಿಗೆ ಯಾರೂ ಹೇಳಲಿಲ್ಲವಾದ್ದರಿಂದ ಹಳೆಯ ದಿನವೇ ಕರಾರಿಗೆ ಬಂತು. ಶ್ರೀಲತಾ ಫೋನ್ ಮಾಡುವ ಹೊತ್ತಿಗೆ ಆ ಕಾರ್ಡು ಅಲ್ಲಿ ಹತ್ತು ದಿನದಿಂದ ಇತ್ತು.

"ಹೊಸ ಮನೆಗೆ ಏಜೆಂಟ್ ಬೇಕೋ ಬೇಡವೋ ಅಂತ ನೀವೂ ಶ್ರೀಲತಾನೂ ತಿಂಗಳುಗಟ್ಟಲೆ ಚರ್ಚೆ ಮಾಡಿದ್ರಂತೆ. ಅಲ್ಲಿ ಏಜೆಂಟ್ ಮೊದಲ ದಿನದಿಂದ ಇದ್ದಳು ಹರಿ. ನಿಮ್ಮವಳಲ್ಲ, ಅಷ್ಟೇ."

ಧೀರಜ ಚಕ್ಕುಲಿ ತಟ್ಟೆಯನ್ನು ದೂರ ಸರಿಸಿದ. ನಾಳೆ ಸಹಿ ಹಾಕುವುದಿಲ್ಲ, ಗೃಹಪ್ರವೇಶವನ್ನೇ ಮುಂದಕ್ಕೆ ಹಾಕೋಣ, ಬೇಸ್‌ಮೆಂಟಿನ ಮಾತು ಕಾಗದದ ಮೇಲೆ ಬರಲಿ, ಬಾರದಿದ್ದರೆ ಮನೆ ಹೋಗಲಿ ಎಂದಳು ಕಾತ್ಯಾಯಿನಿ. ಹರಿಪ್ರಸಾದ ಮೊದಲ ಸಲ ಶ್ರೀಲತಾ ಕೂತಿದ್ದ ಕಿಟಕಿಯ ಕಡೆ ತಿರುಗಿ, ಮುಂದಿನದನ್ನು ನೀವೇ ನೋಡಿಕೊಳ್ಳಿ, ಬಿಲ್ಡರ್ ಕೊಡದಿದ್ದರೆ ನಿಮ್ಮ ಫೀಸು ನಾನೇ ಕೊಡುತ್ತೇನೆ ಎಂದ.

ಶ್ರೀಲತಾ ಎದ್ದು ಅಡುಗೆಮನೆಯ ಗೋಡೆಯಿಂದ ಫೋನ್ ತಂದಳು. ಉದ್ದನೆಯ ವೈರು ಸೋಫಾ ಬಳಸಿಕೊಂಡು ಬಂತು.

"ಫೀಸು ಆಮೇಲೆ. ನನ್ನ ಬಗ್ಗೆ ಎಷ್ಟು ಜನಕ್ಕೆ ಹೇಳಿದೀರಿ?"

ಅವನು ಎಣಿಸಿದ. ಹನ್ನೊಂದು ಎಂದ. ಅಟ್ಲಾಂಟಾದವರನ್ನು ಸೇರಿಸಿ ಹನ್ನೆರಡು.

"ಅಟ್ಲಾಂಟಾದಿಂದ ಶುರು ಮಾಡಿ."

ಸತ್ಯಪ್ರಕಾಶರು ಕಾಫಿಯ ಲೋಟಗಳನ್ನು ಎತ್ತುವುದಕ್ಕೆ ಹೋದವರು ಅಲ್ಲೇ ನಿಂತರು. ಹರಿಪ್ರಸಾದ ನಂಬರು ಒತ್ತಿದ. ಆ ಕಡೆ ಆನ್ಸರಿಂಗ್ ಮಶೀನು ಎತ್ತಿಕೊಂಡಿತು. ಅವನ ಮುಖ ಸ್ವಲ್ಪ ಹಗುರಾಯಿತು. ಗಂಟಲು ಸರಿಮಾಡಿಕೊಂಡು, ನಾನು ಹರಿಪ್ರಸಾದ್, ಸ್ಟರ್ಲಿಂಗಿಂದ ಎಂದು ಶುರು ಮಾಡಿದ.

ಶ್ರೀಲತಾ ಬೆರಳಿನಿಂದ ಫೋನಿನ ಗುಂಡಿ ಒತ್ತಿ ಸಂಪರ್ಕ ಕತ್ತರಿಸಿದಳು.

"ಮಶೀನಿಗೆ ಬೇಡ," ಎಂದಳು. "ಅವರು ಬರೋತನಕ ಕೂತಿರ್ತೀನಿ. ಅಷ್ಟರಲ್ಲಿ ಎರಡನೆಯವರಿಗೆ ಮಾಡಿ."